ಇಂಟ್ರಾಡೇಯಲ್ಲಿ ಅದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆಯಾ? ಹಂತ ಹಂತವಾಗಿ ತಿದ್ದಿಕೊಳ್ಳುವ ಮಾರ್ಗದರ್ಶಿ

ಟ್ರೇಡಿಂಗ್ ಡೈರಿ ಬರೆದರೂ ನಷ್ಟ ನಿಲ್ಲುತ್ತಿಲ್ಲ ಅನ್ನುವವರ ಡೈರಿ ತೆರೆದು ನೋಡಿ. ತಾರೀಖು, ಷೇರಿನ ಹೆಸರು, ಬಂದ ದುಡ್ಡು, ಹೋದ ದುಡ್ಡು. ಕೆಳಗೆ ಒಂದು ಸಾಲು: ‘ಇನ್ನು ಮೇಲೆ ಶಿಸ್ತಿನಿಂದ ಇರಬೇಕು.’ ಅಷ್ಟೇ. ಮಾರನೇ ದಿನ ಎಡವಿದ ಬೆರಳೇ ಮತ್ತೆ ಎಡವುತ್ತದೆ.

ತೊಂದರೆ ಶಿಸ್ತಿನದ್ದಲ್ಲ, ಬರೆಯುವ ಕ್ರಮದ್ದು. ಲಾಭ ನಷ್ಟದ ಅಂಕಿ ನೋಡಿದರೆ ತಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ. ಸರಿಯಾಗಿ ಮಾಡಿದ ಟ್ರೇಡ್‌ನಲ್ಲೂ ದುಡ್ಡು ಹೋಗುತ್ತದೆ. ಪೂರ್ತಿ ತಪ್ಪಾಗಿ ಮಾಡಿದ ಟ್ರೇಡ್‌ನಲ್ಲೂ ದುಡ್ಡು ಬರುತ್ತದೆ. ಹಾಗಾಗಿ ಟ್ರೇಡ್‌ಗೆ ಮೊದಲು ಏನು ಬರೆಯಬೇಕು, ಸಂಜೆ ಏನು ನೋಡಬೇಕು, ತಪ್ಪುಗಳನ್ನು ಹೇಗೆ ಬೇರ್ಪಡಿಸಬೇಕು ಅನ್ನುವುದನ್ನು ಇಲ್ಲಿ ಒಂದೊಂದಾಗಿ ನೋಡೋಣ. ಹಂತಗಳ ಕ್ರಮ ಬದಲಾಯಿಸಬೇಡಿ. ಒಂದನ್ನು ಬಿಟ್ಟರೆ ಅದರ ಮುಂದಿನದು ಕೆಲಸ ಮಾಡುವುದಿಲ್ಲ.

ಇದು ಎನ್‌ಎಸ್‌ಇ, ಬಿಎಸ್‌ಇ ಎಕ್ಸ್‌ಚೇಂಜ್‌ಗಳಲ್ಲಿ (ಷೇರುಪೇಟೆಗಳಲ್ಲಿ) ಸ್ವಂತ ದುಡ್ಡು ಹಾಕಿ ಷೇರುಗಳನ್ನು ಅದೇ ದಿನ ಕೊಂಡು ಮಾರುವವರಿಗೆ, ಅಂದರೆ ಇಂಟ್ರಾಡೇ ಮಾಡುವವರಿಗೆ. ಫ್ಯೂಚರ್ಸ್, ಆಪ್ಷನ್ಸ್ ವಿಷಯ ಇಲ್ಲಿಲ್ಲ.

## ಬೇಕಾದ ಸಾಮಾನು

ಒಂದು ನೋಟ್‌ಬುಕ್, ಅಥವಾ ಗೂಗಲ್ ಶೀಟ್. ಬ್ರೋಕರ್ ಆ ದಿನದ ವ್ಯವಹಾರಕ್ಕೆ ಈಮೇಲ್‌ನಲ್ಲಿ ಕಳಿಸುವ ಕಾಂಟ್ರ್ಯಾಕ್ಟ್ ನೋಟ್. ಆ್ಯಪ್‌ನಿಂದ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಟ್ರೇಡ್‌ಬುಕ್ (ಮಾಡಿದ ಟ್ರೇಡ್‌ಗಳ ಪಟ್ಟಿ). 5 ನಿಮಿಷದ ಚಾರ್ಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಲು ಒಂದು ಫೋಲ್ಡರ್. ಫೋನಿನಲ್ಲಿ ಅಲಾರಂ.

ಇನ್ನೊಂದು ಬೇಕು: ಟ್ರೇಡಿಂಗ್‌ಗೆ ಅಂತಲೇ ಬೇರೆ ಬ್ಯಾಂಕ್ ಖಾತೆ. ಸಂಬಳ ಬರುವ ಖಾತೆಯನ್ನೇ ಟ್ರೇಡಿಂಗ್ ಆ್ಯಪ್‌ಗೆ ಜೋಡಿಸಿದ್ದರೆ ನಷ್ಟವಾದ ದಿನ ಯುಪಿಐನಲ್ಲಿ ಮತ್ತೆ ದುಡ್ಡು ಹಾಕಲು ಹತ್ತು ಸೆಕೆಂಡ್ ಸಾಕು. ಮನೆ ಬಾಡಿಗೆ ದುಡ್ಡು ಅಲ್ಲಿಂದಲೇ ಹೋಗುತ್ತದೆ.

ಬೇಡದ್ದು: ಎರಡನೇ ಮಾನಿಟರ್, ದುಡ್ಡು ಕೊಟ್ಟು ಕೊಂಡ ಇಂಡಿಕೇಟರ್, ಟೆಲಿಗ್ರಾಂ ಟಿಪ್ಸ್. ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಣಿಯೇ ಇಲ್ಲದೆ ದುಡ್ಡು ಪಡೆದು ಟಿಪ್ಸ್ ಕೊಡುವುದು ಕಾನೂನುಬಾಹಿರ. ಅದು ಹಾಗಿರಲಿ, ಕಲಿಯುವ ದೃಷ್ಟಿಯಿಂದಲೂ ಟಿಪ್ಸ್ ದಂಡ. ಬೇರೆಯವರ ಮಾತು ಕೇಳಿ ಕೊಂಡ ಷೇರಿನಲ್ಲಿ ನಷ್ಟವಾದರೆ ತಿದ್ದಿಕೊಳ್ಳುವುದು ಏನನ್ನು? ಕೊಂಡ ಕಾರಣವೇ ನಿಮ್ಮದಲ್ಲವಲ್ಲ.

## ಹಂತ 1: ಒಂದೇ ಬಗೆಯ ಟ್ರೇಡ್‌ಗೆ ಇಳಿಯಿರಿ

ಬೆಳಗ್ಗೆ ಬ್ರೇಕ್‌ಔಟ್ (ಬೆಲೆ ಹಿಂದಿನ ಗರಿಷ್ಠ ದಾಟಿದಾಗ ಖರೀದಿ), ಮಧ್ಯಾಹ್ನ ಶಾರ್ಟ್, ಮುಚ್ಚುವ ಹೊತ್ತಿಗೆ ಸುದ್ದಿ ನೋಡಿ ಖರೀದಿ. ಹೀಗೆ ಮಾಡಿದರೆ ತಿಂಗಳ ಕೊನೆಗೆ ಇಪ್ಪತ್ತು ಬಗೆಯ ಟ್ರೇಡ್ ಇರುತ್ತವೆ, ಒಂದಕ್ಕೊಂದು ಹೋಲಿಸಲು ಬರುವುದಿಲ್ಲ. ಒಂದೇ ತಂತ್ರ ಆರಿಸಿಕೊಳ್ಳಿ. ದಿನದಲ್ಲಿ ಒಂದೇ ಹೊತ್ತು ಗೊತ್ತುಮಾಡಿಕೊಳ್ಳಿ. ಷೇರು ಎರಡೋ ಮೂರೋ ಸಾಕು, ಅವೂ ನಿಫ್ಟಿ 50ರೊಳಗಿನವು, ಅಂದರೆ ಎನ್‌ಎಸ್‌ಇಯ 50 ದೊಡ್ಡ ಕಂಪನಿಗಳ ಪಟ್ಟಿಯವು. ಅಲ್ಲಿ ಯಾವ ಹೊತ್ತಿಗೂ ಕೊಳ್ಳುವವರು, ಮಾರುವವರು ಇರುತ್ತಾರೆ.

ಸಣ್ಣ ಕಂಪನಿಗಳ ಷೇರು ಯಾಕೆ ಬೇಡ ಅಂತ ಒಂದು ಉದಾಹರಣೆ. ಅನೇಕ ಷೇರುಗಳಿಗೆ ದಿನಕ್ಕೆ ಶೇ 5, 10 ಅಥವಾ 20ರ ಸರ್ಕ್ಯೂಟ್ ಮಿತಿ ಇರುತ್ತದೆ, ಆ ದಿನ ಬೆಲೆ ಅದನ್ನು ದಾಟಿ ಏರುವಂತಿಲ್ಲ, ಇಳಿಯುವಂತಿಲ್ಲ. ಬೆಳಗ್ಗೆ ಇಂಥ ಒಂದು ಷೇರನ್ನು ನೀವು ಶಾರ್ಟ್ ಮಾಡಿದಿರಿ, ಅಂದರೆ ಕೈಯಲ್ಲಿ ಇಲ್ಲದ್ದನ್ನು ಮೊದಲು ಮಾರಿದಿರಿ. ಹನ್ನೊಂದಕ್ಕೆ ಏನೋ ಸುದ್ದಿ ಬಂತು, ಅಪ್ಪರ್ ಸರ್ಕ್ಯೂಟ್ ಬಿತ್ತು. ಈಗ ಆ ಷೇರು ಮಾರಲು ಯಾರೂ ಇಲ್ಲ. ನಿಮ್ಮ ಸ್ಟಾಪ್ ಲಾಸ್ ಆರ್ಡರ್ (ನಷ್ಟ ಇಷ್ಟಾದರೆ ಹೊರಬರಲು ಮೊದಲೇ ಹಾಕಿಟ್ಟದ್ದು) ಸುಮ್ನೆ ಸಾಲಿನಲ್ಲಿ ನಿಂತಿರುತ್ತದೆ. ದಿನ ಮುಗಿಯುವುದರೊಳಗೆ ವಾಪಸ್ ಕೊಳ್ಳಲು ಆಗದಿದ್ದರೆ ವ್ಯವಹಾರ ಎಕ್ಸ್‌ಚೇಂಜ್‌ನ ಹರಾಜಿಗೆ ಹೋಗುತ್ತದೆ. ಅಲ್ಲಿ ಸಿಕ್ಕ ಬೆಲೆ ನೀವೇ ಕಟ್ಟಬೇಕು. ಈ ನಷ್ಟದಿಂದ ಕಲಿಯುವುದು ಒಂದೇ, ಅಲ್ಲಿಗೆ ಹೋಗಬಾರದಿತ್ತು ಅಂತ. ಅದನ್ನು ದುಡ್ಡು ಕೊಡದೆಯೂ ಕಲಿಯಬಹುದು.

ಟ್ರೇಡ್ ಟು ಟ್ರೇಡ್ ಗುಂಪಿನಲ್ಲಿರುವ ಷೇರುಗಳಲ್ಲಂತೂ ಇಂಟ್ರಾಡೇಗೆ ಅವಕಾಶವೇ ಇಲ್ಲ. ಕೊಂಡರೆ ಡೆಲಿವರಿ ತೆಗೆದುಕೊಳ್ಳಲೇಬೇಕು, ಅಂದರೆ ಪೂರ್ತಿ ದುಡ್ಡು ಕೊಟ್ಟು ಷೇರನ್ನು ನಿಮ್ಮ ಖಾತೆಗೆ ಪಡೆಯಬೇಕು.

## ಹಂತ 2: ಆರ್ಡರ್ ಹಾಕುವ ಮೊದಲೇ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಜನ ತಪ್ಪದೆ ಬಿಡುವ ಹಂತ ಇದು. ಟ್ರೇಡ್ ಮುಗಿದ ಮೇಲೆ ಬರೆದ ಕಾರಣ ಕಾರಣವಲ್ಲ, ಸಮಜಾಯಿಷಿ. ಲಾಭ ಬಂದರೆ ‘ನನಗೆ ಗೊತ್ತಿತ್ತು’ ಅನ್ನಿಸುತ್ತದೆ. ನಷ್ಟವಾದರೆ ‘ಅನುಮಾನ ಇತ್ತು’ ಅನ್ನಿಸುತ್ತದೆ. ಎರಡೂ ಸುಳ್ಳು.

ಐದು ವಿಷಯ ಬರೆದರೆ ಸಾಕು. ಯಾಕೆ ಕೊಳ್ಳುತ್ತಿದ್ದೇನೆ, ಯಾವ ಬೆಲೆಗೆ, ತಪ್ಪಾದರೆ ಎಲ್ಲಿ ಹೊರಬರುತ್ತೇನೆ, ಸರಿಯಾದರೆ ಎಲ್ಲಿ, ಎಷ್ಟು ಷೇರು. ಒಂದು ನಮೂನೆ ನೋಡಿ:

‘ಮೊದಲ 15 ನಿಮಿಷದ ಗರಿಷ್ಠ 411.50. ಅದು ದಾಟಿದರೆ 412ಕ್ಕೆ ಖರೀದಿ. ಸ್ಟಾಪ್ 407. ಗುರಿ 422. 100 ಷೇರು. ಮಧ್ಯಾಹ್ನ 2ರವರೆಗೆ ಎರಡೂ ಬರದಿದ್ದರೆ ಹೊರಗೆ.’

ಬರೆಯಲು ಒಂದು ನಿಮಿಷವೂ ಬೇಡ. ಅಷ್ಟು ಹೊತ್ತೂ ಇಲ್ಲ ಅನ್ನಿಸುವಷ್ಟು ಅವಸರ ಇದ್ದರೆ ಆ ಟ್ರೇಡ್ ಬಿಟ್ಟುಬಿಡಿ. ಸಾಮಾನ್ಯವಾಗಿ ಅವು ಬಿಟ್ಟರೇ ಒಳ್ಳೆಯದು.

## ಹಂತ 3: ಷೇರಿನ ಸಂಖ್ಯೆಯನ್ನು ನಷ್ಟದಿಂದ ಲೆಕ್ಕ ಹಾಕಿ

ಹೊಸಬರು ಕೈಯಲ್ಲಿ ಎಷ್ಟು ದುಡ್ಡಿದೆ, ಎಷ್ಟು ಷೇರು ಬರುತ್ತದೆ ಅಂತ ನೋಡುತ್ತಾರೆ. ಲೆಕ್ಕ ಉಲ್ಟಾ ಇರಬೇಕು.

ಬಂಡವಾಳ 50,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಟ್ರೇಡ್‌ನಲ್ಲಿ ಹೋದರೆ ಶೇ 1, ಅಂದರೆ 500 ರೂಪಾಯಿ ಹೋಗಲಿ ಎಂದು ಗಟ್ಟಿ ಮಾಡಿಕೊಳ್ಳಿ. ಮೇಲಿನ ನಮೂನೆಯಲ್ಲಿ ಖರೀದಿ 412, ಸ್ಟಾಪ್ 407. ನಡುವೆ 5 ರೂಪಾಯಿ. 500ನ್ನು 5ರಿಂದ ಭಾಗಿಸಿದರೆ 100 ಷೇರು. ಅದೇ ನಿಮ್ಮ ಮಿತಿ.

ಈಗ ಆ್ಯಪ್ ಏನು ಹೇಳುತ್ತದೆ ನೋಡಿ. ಇಂಟ್ರಾಡೇಗೆ ಗರಿಷ್ಠ 5 ಪಟ್ಟು ಲಿವರೇಜ್ ಸಿಗುತ್ತದೆ. ಅಂದರೆ 50,000ಕ್ಕೆ ಎರಡೂವರೆ ಲಕ್ಷದ ಷೇರು. 412ರಂತೆ 600 ಷೇರು ಬರುತ್ತವೆ. ಅದೇ 5 ರೂಪಾಯಿ ಇಳಿದರೆ 3,000 ನಷ್ಟ, ಬಂಡವಾಳದ ಶೇ 6. ಹೀಗೆ ಮೂರು ಟ್ರೇಡ್ ಕೈಕೊಟ್ಟರೆ ನಾಲ್ಕನೆಯದನ್ನು ತಣ್ಣಗೆ ಕೂತು ಮಾಡುವವರು ಅಪರೂಪ. ಆಮೇಲೆ ಆಗುವ ತಪ್ಪುಗಳೆಲ್ಲ ಭಯದಿಂದ ಆದವು. ಅವುಗಳಿಂದ ನಿಮ್ಮ ತಂತ್ರದ ಬಗ್ಗೆ ಏನೂ ತಿಳಿಯುವುದಿಲ್ಲ.

ದಿನದ ಮಿತಿಯನ್ನೂ ಇಲ್ಲೇ ಬರೆದುಬಿಡಿ. ಎರಡು ಪೂರ್ತಿ ನಷ್ಟವಾದರೆ, ಅಂದರೆ 1,000 ರೂಪಾಯಿ ಹೋದರೆ, ಆ ದಿನ ಮುಗಿಯಿತು.

## ಹಂತ 4: ಆರ್ಡರ್ ಪರದೆಯನ್ನು ಸರಿಯಾಗಿ ಓದಿ

ಇವು ಬೆರಳಿನ ತಪ್ಪುಗಳು. ಬುದ್ಧಿಗೂ ಇವಕ್ಕೂ ಸಂಬಂಧವಿಲ್ಲ, ಆದರೆ ದುಡ್ಡು ಅಷ್ಟೇ ಹೋಗುತ್ತದೆ.

ಪ್ರಾಡಕ್ಟ್ ಬಗೆ ಮೊದಲು ನೋಡಿ. ಎಂಐಎಸ್ ಅಥವಾ ಇಂಟ್ರಾಡೇ ಅಂತ ಇದ್ದರೆ ಬ್ರೋಕರ್ ದಿನದ ಕೊನೆಗೆ ತಾನೇ ಪೊಸಿಷನ್ (ಇನ್ನೂ ಮುಗಿಸದ ಟ್ರೇಡ್) ಮುಚ್ಚುತ್ತಾರೆ. ಸಾಮಾನ್ಯವಾಗಿ ಮಾರುಕಟ್ಟೆ ಮುಚ್ಚುವ ಸ್ವಲ್ಪ ಮೊದಲು. ನಿಮ್ಮ ಬ್ರೋಕರ್‌ದು ಎಷ್ಟು ಹೊತ್ತಿಗೆ ಅಂತ ನೋಡಿಟ್ಟುಕೊಳ್ಳಿ. ಕೆಲವರು ಅದಕ್ಕೆ ಬೇರೆ ಶುಲ್ಕ ಹಾಕುತ್ತಾರೆ. ಸಿಎನ್‌ಸಿ ಅಂತ ಇದ್ದರೆ ಅದು ಡೆಲಿವರಿ, ಪೂರ್ತಿ ದುಡ್ಡು ಬೇಕು.

ಸ್ಟಾಪ್ ಲಾಸ್‌ನಲ್ಲಿ ಎರಡು ಬಗೆ. ಬರೀ ಎಸ್‌ಎಲ್ ಆದರೆ ಟ್ರಿಗರ್ ಬೆಲೆ (ಆರ್ಡರ್ ಚಾಲೂ ಆಗುವ ಬೆಲೆ), ಲಿಮಿಟ್ ಬೆಲೆ (ಇದಕ್ಕಿಂತ ಕೆಳಗೆ ಮಾರಬೇಡ ಅನ್ನುವ ಬೆಲೆ) ಎರಡೂ ಕೊಡಬೇಕು. ಟ್ರಿಗರ್ 407, ಲಿಮಿಟ್ 406.50 ಕೊಟ್ಟಿದ್ದೀರಿ ಎನ್ನಿ. ಬೆಲೆ 407.20ರಿಂದ ಒಂದೇ ಏಟಿಗೆ 406ಕ್ಕೆ ಜಿಗಿದರೆ ನಿಮ್ಮ ಆರ್ಡರ್ ಜಾರಿಯಾಗದೆ ನೇತಾಡುತ್ತದೆ, ಬೆಲೆ ಕೆಳಗೆ ಹೋಗುತ್ತಲೇ ಇರುತ್ತದೆ. ಎಸ್‌ಎಲ್-ಎಂ (ಬಿಎಸ್‌ಇಯಲ್ಲಿ ಇದು 2023ರಿಂದ ಇಲ್ಲ) ಆದರೆ ಟ್ರಿಗರ್ ಆದ ಕೂಡಲೇ ಸಿಕ್ಕ ಬೆಲೆಗೆ ಮಾರಾಟ. ನಾಲ್ಕಾಣೆ ಎಂಟಾಣೆ ಜಾಸ್ತಿ ಹೋಗಬಹುದು, ಆದರೆ ಹೊರಗೆ ಬಂದಿರುತ್ತೀರಿ. ಚೆನ್ನಾಗಿ ವಹಿವಾಟು ಇರುವ ಷೇರಿನಲ್ಲಿ ಹೊಸಬರಿಗೆ ಎಸ್‌ಎಲ್-ಎಂ ವಾಸಿ ಅಂತ ನನ್ನ ಅಭಿಪ್ರಾಯ.

ಕೊಳ್ಳುವಾಗ ಮಾತ್ರ ಲಿಮಿಟ್ ಬಳಸಿ. 412ಕ್ಕೆ ಟ್ರಿಗರ್, 412.50ಕ್ಕೆ ಲಿಮಿಟ್. ಅದಕ್ಕಿಂತ ಮೇಲೆ ಓಡಿದರೆ ಓಡಲಿ.

ಇನ್ನೊಂದು ತಪ್ಪು ಬಹಳ ಜನರಿಗೆ ಆಗುತ್ತದೆ, ಯಾರೂ ಮೊದಲೇ ಹೇಳಿರುವುದಿಲ್ಲ. 407ಕ್ಕೆ ಸ್ಟಾಪ್ ಲಾಸ್ ಹಾಕಿದ್ದೀರಿ. ಬೆಲೆ 420 ಮುಟ್ಟಿತು, ಕೈಯಾರೆ ಮಾರಿ ಲಾಭ ತೆಗೆದುಕೊಂಡಿರಿ. ಫೋನ್ ಜೇಬಿಗೆ ಹಾಕಿ ಊಟಕ್ಕೆ ಹೋದಿರಿ. ಸ್ಟಾಪ್ ಲಾಸ್ ಆರ್ಡರ್ ಇನ್ನೂ ಜೀವಂತವಾಗಿದೆ! ಮಧ್ಯಾಹ್ನ ಬೆಲೆ 407ಕ್ಕೆ ಇಳಿದರೆ ನಿಮ್ಮಲ್ಲಿ ಇಲ್ಲದ 100 ಷೇರು ಮಾರಾಟವಾಗಿ ಹೊಸ ಶಾರ್ಟ್ ಪೊಸಿಷನ್ ಶುರುವಾಗುತ್ತದೆ. ವಾಪಸ್ ಬಂದು ನೋಡಿದರೆ ಮಾಡದ ಟ್ರೇಡ್‌ನಲ್ಲಿ ನಷ್ಟ. ಹಾಗಾಗಿ ಪೊಸಿಷನ್ ಮುಚ್ಚಿದ ಮೇಲೆ ಆರ್ಡರ್ ಪುಟಕ್ಕೆ ಹೋಗಿ ಬಾಕಿ ಆರ್ಡರ್‌ಗಳನ್ನು ರದ್ದು ಮಾಡಿದ ನಂತರವೇ ಆ್ಯಪ್ ಮುಚ್ಚಿ.

ನೆಟ್ ನಿಧಾನವಿದ್ದಾಗ ಎರಡು ಸಲ ಒತ್ತಿ ದುಪ್ಪಟ್ಟು ಷೇರು ಬರುವುದೂ ಇದೇ ಜಾತಿಯದ್ದು. ಎರಡನೇ ಸಲ ಒತ್ತುವ ಮೊದಲು ಆರ್ಡರ್ ಪುಟ ನೋಡಿ.

## ಹಂತ 5: ಮಾರುಕಟ್ಟೆ ನಡೆಯುವಾಗ ಕಡಿಮೆ ಕೆಲಸ

9:15ರಿಂದ ನಿಮ್ಮ ಟ್ರೇಡ್ ಮುಗಿಯುವವರೆಗೆ ವಿಶ್ಲೇಷಣೆ ಮಾಡಬೇಡಿ. ಪ್ಲಾನ್‌ನಿಂದ ಎಲ್ಲಿ ಆಚೀಚೆ ಆಯಿತೋ ಅಲ್ಲಿ ಗಂಟೆ ಮತ್ತು ನಾಲ್ಕು ಪದ ಬರೆಯಿರಿ. ‘10:42, ಸ್ಟಾಪ್ 405ಕ್ಕೆ ಇಳಿಸಿದೆ, ಹೆದರಿಕೆ.’ ಚಾರ್ಟ್‌ನ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಉಳಿದದ್ದು ಸಂಜೆಗೆ.

## ಹಂತ 6: ಸಂಜೆ ಕಾಂಟ್ರ್ಯಾಕ್ಟ್ ನೋಟ್ ಪಕ್ಕದಲ್ಲಿಟ್ಟು ಕೂರಿ

ಆ್ಯಪ್‌ನ ಹಸಿರು ಕೆಂಪು ಅಂಕಿ ಖರ್ಚು ಕಳೆಯುವ ಮೊದಲಿನದು. ನಿಜವಾದ ಲೆಕ್ಕ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿರುತ್ತದೆ.

ಒಂದು ಲೆಕ್ಕ ಮಾಡೋಣ. 500 ರೂಪಾಯಿಯ 100 ಷೇರು ಕೊಂಡು 502ಕ್ಕೆ ಮಾರಿದಿರಿ. ಆ್ಯಪ್‌ನಲ್ಲಿ 200 ಲಾಭ ಕಾಣುತ್ತದೆ. ಬ್ರೋಕರೇಜ್ ಶೇ 0.03ರಂತೆ ಎರಡೂ ಕಡೆ ಸೇರಿ 30 ರೂಪಾಯಿ. ಮಾರುವಾಗ ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಶೇ 0.025, ಸುಮಾರು 13. ಎಕ್ಸ್‌ಚೇಂಜ್ ಶುಲ್ಕ ಸುಮಾರು 3, ಸ್ಟ್ಯಾಂಪ್ ಡ್ಯೂಟಿ ಒಂದೂವರೆ, ಜಿಎಸ್‌ಟಿ ಸುಮಾರು 6. ಒಟ್ಟು 53ರ ಹತ್ತಿರ. ಕೈಗೆ ಬಂದದ್ದು 147.

ಬೆಲೆ 2 ರೂಪಾಯಿ ಇಳಿದಿದ್ದರೆ? 200 ಹೋಯಿತು, ಜೊತೆಗೆ 53. ಒಟ್ಟು 253. ಗೆಲುವಿಗೆ 147, ಸೋಲಿಗೆ 253. ಈ ಲೆಕ್ಕದಲ್ಲಿ 100 ಟ್ರೇಡ್‌ನಲ್ಲಿ 63 ಗೆದ್ದರೂ ಕೈಗೆ ಏನೂ ಉಳಿಯುವುದಿಲ್ಲ! ‘ಚಿಕ್ಕ ಚಿಕ್ಕ ಲಾಭ ತೆಗೆದುಕೊಳ್ಳುತ್ತೇನೆ’ ಅನ್ನುವ ಪ್ಲಾನ್ ಎಲ್ಲಿ ಸೋರುತ್ತಿದೆ ಅಂತ ಇಲ್ಲಿ ಗೊತ್ತಾಗುತ್ತದೆ.

ಸೆಬಿ 2024ರ ಜುಲೈನಲ್ಲಿ ಹೊರತಂದ ಅಧ್ಯಯನವೂ ಇದನ್ನೇ ತೋರಿಸಿತು. 2022-23ರಲ್ಲಿ ಇಂಟ್ರಾಡೇ ಮಾಡಿದ 10 ಜನರಲ್ಲಿ 7 ಜನರಿಗೆ ನಷ್ಟ. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಿ ಶೇ 80 ಜನರಿಗೆ ನಷ್ಟ. ನಷ್ಟವಾದವರು ಆ ನಷ್ಟದ ಮೇಲೆ ಮತ್ತೆ ಅದರ ಶೇ 57ರಷ್ಟನ್ನು ವ್ಯವಹಾರದ ಖರ್ಚಿಗೇ ಕೊಟ್ಟಿದ್ದರು.

ಹಾಗಾಗಿ ಡೈರಿಯಲ್ಲಿ ಖರ್ಚಿಗೆ ಬೇರೆಯೇ ಕಾಲಂ ಇರಲಿ. ವಾರದ ಕೊನೆಗೆ ಅದೊಂದನ್ನೇ ಕೂಡಿ ನೋಡಿ.

## ಹಂತ 7: ಟ್ರೇಡ್‌ಗಳನ್ನು ನಾಲ್ಕು ಗುಂಪು ಮಾಡಿ

ನಿಜವಾದ ಕಲಿಕೆ ಇಲ್ಲಿದೆ, ಆದ್ದರಿಂದ ನಿಧಾನ ಮಾಡಿ. ಬೆಳಗ್ಗೆ ಬರೆದ ಪ್ಲಾನ್ ಒಂದು ಕಡೆ, ಟ್ರೇಡ್‌ಬುಕ್ ಇನ್ನೊಂದು ಕಡೆ ಇಟ್ಟುಕೊಳ್ಳಿ. ಒಂದೊಂದು ಟ್ರೇಡ್‌ಗೂ ಒಂದು ಅಕ್ಷರ ಹಾಕಿ. ಲಾಭವೋ ನಷ್ಟವೋ ಅಂತ ನೋಡಬೇಡಿ. ಸಾಧ್ಯವಾದರೆ ಆ ಕಾಲಂ ಮೇಲೆ ಒಂದು ಹಾಳೆ ಮುಚ್ಚಿ.

ಅ: ಬೆರಳಿನ ತಪ್ಪು. ಸಂಖ್ಯೆ ತಪ್ಪು, ಪ್ರಾಡಕ್ಟ್ ತಪ್ಪು, ಮರೆತ ಆರ್ಡರ್. ಇದಕ್ಕೆ ಮದ್ದು ಸುಲಭ. ಪರದೆ ಪಕ್ಕ ಚೀಟಿ ಅಂಟಿಸಿ: ಪ್ರಾಡಕ್ಟ್, ಸಂಖ್ಯೆ, ಬಾಕಿ ಆರ್ಡರ್.

ಬ: ನಿಯಮ ಮುರಿದದ್ದು. ಪ್ಲಾನ್ ಸರಿ ಇತ್ತು, ನೀವು ಪಾಲಿಸಲಿಲ್ಲ. ಹೊಸಬರ ಹೆಚ್ಚಿನ ತಪ್ಪುಗಳು ಈ ಗುಂಪಿಗೇ ಬೀಳುತ್ತವೆ.

ಅದೇ 412ರ ನಮೂನೆ ತೆಗೆದುಕೊಳ್ಳಿ. ಬೆಲೆ 412 ದಾಟಿ ಓಡಿತು, ನೀವು ನೋಡುತ್ತಾ ಕೂತಿರಿ. 414.60ಕ್ಕೆ ಬಂದಾಗ ತಡೆಯಲಾಗದೆ ಕೊಂಡಿರಿ. ಸ್ಟಾಪ್ 407ರಲ್ಲೇ ಇದೆ. ಮಧ್ಯಾಹ್ನ ಸ್ಟಾಪ್ ಹೊಡೆಯಿತು, 760 ನಷ್ಟ. ಡೈರಿಯಲ್ಲಿ ಪ್ಲಾನ್ ಇಲ್ಲದಿದ್ದರೆ ನೀವು ಬರೆಯುವುದು ‘ಬ್ರೇಕ್‌ಔಟ್ ಕೆಲಸ ಮಾಡುವುದಿಲ್ಲ’ ಅಂತ. ಪ್ಲಾನ್ ಇದ್ದರೆ ಬೇರೆಯೇ ಕಾಣುತ್ತದೆ. 5 ರೂಪಾಯಿ ಅಪಾಯಕ್ಕೆ 10 ರೂಪಾಯಿ ಗುರಿ ಇದ್ದ ಟ್ರೇಡ್, ತಡವಾಗಿ ಹೋಗಿದ್ದರಿಂದ 7.60 ಅಪಾಯಕ್ಕೆ 7.40 ಗುರಿ ಆಯಿತು. ತಪ್ಪಿದ್ದು ಬ್ರೇಕ್‌ಔಟ್ ಅಲ್ಲ. ಬೆಲೆಯ ಹಿಂದೆ ಓಡಿದ್ದು ತಪ್ಪು. ಈ ಟ್ರೇಡ್ ಲಾಭದಲ್ಲಿ ಮುಗಿದಿದ್ದರೂ ಅಕ್ಷರ ಬ ಅಂತಲೇ.

ಈ ಗುಂಪಿನ ಇನ್ನೊಂದು ದೊಡ್ಡ ತಪ್ಪು, ಇಂಟ್ರಾಡೇಗೆ ಕೊಂಡದ್ದನ್ನು ನಷ್ಟವಾಯಿತೆಂದು ಡೆಲಿವರಿಗೆ ಬದಲಾಯಿಸುವುದು. ‘ಒಳ್ಳೆ ಕಂಪನಿ, ನಾಳೆ ಬರುತ್ತೆ ಬಿಡು’ ಅನ್ನುವ ಸಮಾಧಾನ. 2023ರ ಏಪ್ರಿಲ್ 13, ಗುರುವಾರ. ಮಾರುಕಟ್ಟೆ ಮುಚ್ಚಿದ ಮೇಲೆ ನಮ್ಮ ಬೆಂಗಳೂರಿನ ಇನ್ಫೋಸಿಸ್‌ನ ತ್ರೈಮಾಸಿಕ ಫಲಿತಾಂಶ ಬಂತು. ಶುಕ್ರವಾರ ಅಂಬೇಡ್ಕರ್ ಜಯಂತಿ ರಜೆ. ಸೋಮವಾರ, 17ರಂದು ಷೇರು ಭಾರೀ ಕೆಳಗೆ ತೆರೆದು, ದಿನದ ಕೊನೆಗೆ ಶೇ 9ಕ್ಕೂ ಜಾಸ್ತಿ ಇಳಿದಿತ್ತು. ಗುರುವಾರ ಮಾರುಕಟ್ಟೆ ಮುಚ್ಚುವ ಮೊದಲು ಒಂದೆರಡು ಸಾವಿರದ ನಷ್ಟ ಒಪ್ಪಿಕೊಳ್ಳದೆ ಡೆಲಿವರಿಗೆ ಹಾಕಿದವರಿಗೆ ನಡುವೆ ಎಲ್ಲೂ ಹೊರಬರುವ ಅವಕಾಶವೇ ಇರಲಿಲ್ಲ. ರಾತ್ರಿ ಹೊತ್ತು ಸ್ಟಾಪ್ ಲಾಸ್ ಕೆಲಸ ಮಾಡುವುದಿಲ್ಲ. ಫಲಿತಾಂಶ ಬರುವ ದಿನ ಯಾವುದು ಅಂತ ಎಕ್ಸ್‌ಚೇಂಜ್‌ನ ಜಾಲತಾಣದಲ್ಲಿ ಮೊದಲೇ ಇರುತ್ತದೆ. ಬೆಳಗ್ಗೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಕ: ಪ್ಲಾನ್ ತಪ್ಪು. ಬರೆದಂತೆಯೇ ಮಾಡಿದಿರಿ, ಆದರೆ ಪ್ಲಾನ್‌ನಲ್ಲೇ ಲೋಪವಿತ್ತು. ಉದಾಹರಣೆಗೆ, ಐದು ನಿಮಿಷದಲ್ಲಿ 6 ರೂಪಾಯಿ ಮೇಲೆ ಕೆಳಗೆ ಆಡುವ ಷೇರಿಗೆ 3 ರೂಪಾಯಿ ಸ್ಟಾಪ್. ಅಥವಾ ರಿಸರ್ವ್ ಬ್ಯಾಂಕ್ ರೆಪೊ ದರ ಪ್ರಕಟಿಸುವ ದಿನ ಬೆಳಗ್ಗೆ ಹತ್ತಕ್ಕೆ ಮೊದಲು ಬ್ಯಾಂಕ್ ಷೇರಿನಲ್ಲಿ ಕೂತಿದ್ದು. ಒಂದು ಟ್ರೇಡ್ ನೋಡಿ ಈ ಗುಂಪಿಗೆ ಹಾಕಬೇಡಿ. ಅದೇ ಲೋಪ ನಾಲ್ಕೈದು ಸಲ ಕಂಡರೆ ಹಾಕಿ.

ಡ: ತಪ್ಪೇ ಇಲ್ಲ. ಪ್ಲಾನ್ ಸರಿ, ಪಾಲನೆ ಸರಿ, ದುಡ್ಡು ಮಾತ್ರ ಹೋಯಿತು. ಇದನ್ನು ಒಪ್ಪಿಕೊಳ್ಳುವುದೇ ಕಷ್ಟ. 10ರಲ್ಲಿ 4 ಗೆಲ್ಲುವ, ಗೆದ್ದಾಗ ಸೋಲಿನ ಎರಡರಷ್ಟು ಕೊಡುವ ತಂತ್ರ ಖರ್ಚಿಗೆ ಮೊದಲು ಲಾಭದಲ್ಲೇ ಇರುತ್ತದೆ. ಆದರೂ ಅದರಲ್ಲಿ 6 ಸೋಲು ಇವೆ. ಸತತ ಐದು ಸೋಲುವ ಸಾಧ್ಯತೆ ಯಾವ ಹೊತ್ತಿನಲ್ಲೂ ಶೇ 8ರ ಹತ್ತಿರ ಇರುತ್ತದೆ. ಅಂದರೆ ಒಂದೆರಡು ತಿಂಗಳಲ್ಲಿ ಅದು ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ಡ ಗುಂಪಿನ ನಷ್ಟಕ್ಕೆ ಏನನ್ನೂ ಬದಲಾಯಿಸಬೇಡಿ. ಇಲ್ಲಿ ಏನೋ ‘ಪಾಠ’ ಹುಡುಕಿ ಚೆನ್ನಾಗಿದ್ದ ಪ್ಲಾನ್ ಕೆಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

### ಸುಳ್ಳು ಪಾಠವನ್ನು ಪರೀಕ್ಷಿಸುವುದು ಹೇಗೆ

‘ನನ್ನ ಸ್ಟಾಪ್ ಹೊಡೆದ ಮೇಲೇ ಬೆಲೆ ಮೇಲೆ ಹೋಗುತ್ತೆ.’ ಈ ಮಾತು ಹೇಳದ ಹೊಸಬರಿಲ್ಲ. ಮಾರುಕಟ್ಟೆಯಲ್ಲಿ ಯಾರೋ ನಿಮ್ಮ 100 ಷೇರಿಗೇ ಕಣ್ಣಿಟ್ಟು ಕೂತಿದ್ದಾರೆ ಅನ್ನಿಸಿಬಿಡುತ್ತದೆ, ಅಲ್ವಾ?

ಲೆಕ್ಕ ಮಾಡಿ ನೋಡಿ. ಕೊನೆಯ 20 ಸಲ ಸ್ಟಾಪ್ ಹೊಡೆದ ಟ್ರೇಡ್‌ಗಳ ಚಾರ್ಟ್ ತೆಗೆಯಿರಿ. ಆ ದಿನದ ಕೊನೆಯೊಳಗೆ ಬೆಲೆ ನಿಮ್ಮ ಗುರಿ ಮುಟ್ಟಿತಾ, ಇನ್ನೂ ಕೆಳಗೆ ಹೋಯಿತಾ ಅಂತ ಎರಡು ಕಾಲಂ ಮಾಡಿ. ಇನ್ನೂ ಕೆಳಗೆ ಹೋದವೇ ಜಾಸ್ತಿ ಇದ್ದರೆ ಸ್ಟಾಪ್ ತನ್ನ ಕೆಲಸ ಮಾಡಿದೆ, ವಾಪಸ್ ಬಂದ ಒಂದೆರಡು ಮಾತ್ರ ನಿಮ್ಮ ನೆನಪಿನಲ್ಲಿ ಉಳಿದಿವೆ. ವಾಪಸ್ ಬಂದು ಗುರಿ ಮುಟ್ಟಿದವೇ ಜಾಸ್ತಿ ಇದ್ದರೆ ಸ್ಟಾಪ್ ಬಹಳ ಹತ್ತಿರ ಇದೆ. ಆಗ ಸ್ಟಾಪ್ ದೂರ ಇಟ್ಟು, ಷೇರಿನ ಸಂಖ್ಯೆ ಇಳಿಸಿ. ಸ್ಟಾಪ್ ತೆಗೆದುಹಾಕುವುದು ಎರಡರಲ್ಲೂ ಉತ್ತರವಲ್ಲ.

## ಹಂತ 8: ವಾರಕ್ಕೆ ಒಂದೇ ತಪ್ಪು ತಿದ್ದಿ

ಶನಿವಾರ ಅಕ್ಷರಗಳನ್ನು ಎಣಿಸಿ. ಯಾವ ತಪ್ಪಿಗೆ ಹೆಚ್ಚು ದುಡ್ಡು ಹೋಗಿದೆಯೋ ಅದೊಂದನ್ನೇ ಹಿಡಿಯಿರಿ. ಹೆಚ್ಚು ಸಲ ಆದದ್ದಲ್ಲ, ಹೆಚ್ಚು ದುಡ್ಡು ತಿಂದದ್ದು. ಐದು ತಪ್ಪು ಒಟ್ಟಿಗೆ ತಿದ್ದಲು ಹೋದರೆ ಮಂಗಳವಾರದ ಹೊತ್ತಿಗೆ ಐದೂ ಮರೆತಿರುತ್ತವೆ.

ತಿದ್ದುವುದು ಅಂದರೆ ನಿರ್ಧಾರ ಮಾಡುವುದಲ್ಲ. ಆ ತಪ್ಪು ಮಾಡಲು ಆಗದ ಹಾಗೆ ಅಡ್ಡ ಇಡುವುದು. ಬೆಲೆಯ ಹಿಂದೆ ಓಡುತ್ತೀರಾ? ಪ್ಲಾನ್ ಬರೆದ ಕೂಡಲೇ ಟ್ರಿಗರ್ ಮತ್ತು ಲಿಮಿಟ್ ಹಾಕಿ ಕೈ ತೆಗೆಯಿರಿ. ನಷ್ಟವಾದ ಮೇಲೆ ಸೇಡಿಗೆ ಬಿದ್ದು ಮತ್ತೆ ಮತ್ತೆ ಕೊಳ್ಳುತ್ತೀರಾ? ಕೆಲವು ಬ್ರೋಕರ್‌ಗಳ ಆ್ಯಪ್‌ನಲ್ಲಿ ಕಿಲ್ ಸ್ವಿಚ್ ಇರುತ್ತದೆ, ಅದನ್ನು ಒತ್ತಿದರೆ ಕೆಲವು ಗಂಟೆ ಟ್ರೇಡ್ ಮಾಡಲು ಬರುವುದಿಲ್ಲ. ಅದಿಲ್ಲದಿದ್ದರೆ ಟ್ರೇಡಿಂಗ್ ಖಾತೆಯಲ್ಲಿ ಆ ದಿನಕ್ಕೆ ಬೇಕಾದಷ್ಟೇ ದುಡ್ಡು ಇಡಿ. ಸ್ಟಾಪ್ ಕೆಳಗಿಳಿಸುವ ಚಟವಿದ್ದರೆ, ಆರ್ಡರ್ ಹಾಕಿದ ಮೇಲೆ ಫೋನ್ ಇನ್ನೊಂದು ಕೋಣೆಯಲ್ಲಿಟ್ಟು ಬೆಲೆಗೆ ಅಲರ್ಟ್ ಹಾಕಿ.

ಮುಂದಿನ ಶನಿವಾರ ಅದೇ ತಪ್ಪು ಎಷ್ಟು ಸಲ ಆಯಿತು ಅಂತ ನೋಡಿ. ಕಡಿಮೆಯಾಗದಿದ್ದರೆ ಅಡ್ಡ ಸಾಲದು. ಇನ್ನೂ ಗಟ್ಟಿ ಮಾಡಿ.

## ಹಂತ 9: ಪ್ಲಾನ್ ಬದಲಾಯಿಸಲು ಕಾಯಿರಿ

ಬ ಗುಂಪಿನ ತಪ್ಪು ಜಾಸ್ತಿ ಇರುವವರೆಗೆ ಪ್ಲಾನ್ ಮುಟ್ಟಬೇಡಿ. ನೀವು ಪಾಲಿಸದೇ ಇರುವ ಪ್ಲಾನ್ ಸರಿಯೋ ತಪ್ಪೋ ಅಂತ ಹೇಳಲು ಆಧಾರವೇ ಇಲ್ಲ. ಬರೆದಂತೆ ಮಾಡಿದ ಟ್ರೇಡ್‌ಗಳು 30ರಷ್ಟಾದರೂ ಸೇರಲಿ. ಆಗ ಖರ್ಚು ಕಳೆದು ನೋಡಿ.

ಬದಲಾವಣೆ ಮಾಡಿದರೂ ಒಂದೇ ವಿಷಯ. ಸ್ಟಾಪ್ ದೂರ, ಅಥವಾ ಹೊತ್ತು ಬೇರೆ, ಅಥವಾ ಷೇರು ಬೇರೆ. ಬದಲಾಯಿಸಿದ ಮೇಲೆ ಮೊದಲ ಹತ್ತಿಪ್ಪತ್ತು ಟ್ರೇಡ್ 5 ಷೇರು, 10 ಷೇರಿನಲ್ಲಿ ಮಾಡಿ. ಪೇಪರ್ ಟ್ರೇಡಿಂಗ್ (ನಿಜವಾದ ದುಡ್ಡಿಲ್ಲದ ಅಭ್ಯಾಸ) ಆರ್ಡರ್ ಪರದೆ ಪಳಗಲು ಸಾಕು. ಸ್ವಂತ ದುಡ್ಡು ಇಳಿಯುವಾಗ ಕೈ ಏನು ಮಾಡುತ್ತದೆ ಅಂತ ಅದು ತೋರಿಸುವುದಿಲ್ಲ. 5 ಷೇರು ತೋರಿಸುತ್ತದೆ.

## ಈ ಲಕ್ಷಣ ಕಂಡರೆ ತಕ್ಷಣ ನಿಲ್ಲಿಸಿ

- ನಷ್ಟದ ಮಿತಿ ದಾಟಿದ ಮೇಲೆ ಅದೇ ದಿನ ಮತ್ತೆ ದುಡ್ಡು ಹಾಕಿದ್ದೀರಿ.
- ಪ್ಲಾನ್ ಇಲ್ಲದ ಟ್ರೇಡ್‌ಗಳು ಪ್ಲಾನ್ ಇರುವವಕ್ಕಿಂತ ಜಾಸ್ತಿಯಾಗಿವೆ.
- ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್, ಅಡವಿಟ್ಟ ಚಿನ್ನದ ದುಡ್ಡು ಖಾತೆಗೆ ಬಂದಿದೆ.
- ಎಷ್ಟು ಹೋಯಿತು ಅಂತ ಮನೆಯವರಿಗೆ ಕಡಿಮೆ ಹೇಳುತ್ತಿದ್ದೀರಿ.
- ‘ಇಂಟ್ರಾಡೇಯಲ್ಲಿ ಹೋದದ್ದನ್ನು ಆಪ್ಷನ್ಸ್‌ನಲ್ಲಿ ತೆಗೆಯುತ್ತೇನೆ’ ಅನ್ನಿಸುತ್ತಿದೆ.

ಕೊನೆಯದು ತೀರಾ ಸಾಮಾನ್ಯ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಮಾಡಿದ ವ್ಯಕ್ತಿಗಳಲ್ಲಿ ಶೇ 93 ಜನರಿಗೆ ನಷ್ಟವಾಗಿದೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿದೆ. ಇಂಟ್ರಾಡೇಯಲ್ಲಿ ನಿಯಮ ಮುರಿಯುವ ಕೈ ಅಲ್ಲಿ ಹೋಗಿ ಸರಿಹೋಗುವುದಿಲ್ಲ.

ಸಾಲದ ದುಡ್ಡಿನಲ್ಲಿ ಟ್ರೇಡ್ ಮಾಡುತ್ತಿದ್ದರೆ ಮೇಲಿನ ಯಾವ ಹಂತವೂ ನಿಮಗಲ್ಲ. ಮೊದಲು ಉಳಿದ ದುಡ್ಡು ಹೊರಗೆ ತೆಗೆದು ಸಾಲ ತೀರಿಸಿ.

## ಹಂತ 10: ಮತ್ತೆ ಶುರು ಮಾಡುವಾಗ

ನಿಲ್ಲಿಸಿದವರು ವಾಪಸ್ ಬರುವಾಗ ಹಳೆಯ ಸಂಖ್ಯೆಯಿಂದಲೇ ಶುರು ಮಾಡುತ್ತಾರೆ, ಕಳೆದದ್ದನ್ನು ಬೇಗ ತುಂಬಿಸಬೇಕಲ್ಲ. ಹಾಗೆ ಮಾಡಬೇಡಿ. ಟ್ರೇಡ್‌ಗೆ ಶೇ 1ರ ಬದಲು ಕಾಲು ಭಾಗ, 50,000ಕ್ಕೆ 125 ರೂಪಾಯಿ ಅಪಾಯ. ದಿನಕ್ಕೆ ಒಂದೇ ಟ್ರೇಡ್. ಎರಡು ವಾರ ಅ ಮತ್ತು ಬ ಅಕ್ಷರ ಒಂದೂ ಬರದಿದ್ದರೆ ಅರ್ಧಕ್ಕೆ ಏರಿಸಿ. ಬಂದರೆ ಅಲ್ಲೇ ಇರಿ. ಏರಿಸಲು ಲಾಭ ಅಳತೆಗೋಲಲ್ಲ, ಪಾಲನೆ ಅಳತೆಗೋಲು.

ಬಂದ ಖಾಲಿ ಹೊತ್ತಿನಲ್ಲಿ ತೆರಿಗೆ ಕಾಗದ ಸರಿ ಮಾಡಿಕೊಳ್ಳಿ. ಇಂಟ್ರಾಡೇ ಲಾಭ ನಷ್ಟ ಸ್ಪೆಕ್ಯುಲೇಟಿವ್ (ಸಟ್ಟಾ) ವ್ಯಾಪಾರದ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಐಟಿಆರ್-3 ಅನ್ನುವ ಆದಾಯ ತೆರಿಗೆ ರಿಟರ್ನ್ ಫಾರಂ ಬೇಕು. ಸಂಬಳದವರು ಎಂದಿನಂತೆ ಐಟಿಆರ್-1 ಹಾಕಿ ಇದನ್ನು ಬಿಟ್ಟುಬಿಡುವುದು ಮಾಮೂಲಿ ತಪ್ಪು. ಈ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ. ಮುಂದಿನ ನಾಲ್ಕು ವರ್ಷದೊಳಗೆ ಇಂಥದ್ದೇ ಲಾಭ ಬಂದರೆ ಅದರಲ್ಲಿ ಮಾತ್ರ ಕಳೆಯಬಹುದು. ಅದೂ ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕಿದ್ದರೆ ಮಾತ್ರ. ಬ್ರೋಕರ್ ಕೊಡುವ ಟ್ಯಾಕ್ಸ್ ಪಿ ಆ್ಯಂಡ್ ಎಲ್ ವರದಿಯಲ್ಲಿ ಇಂಟ್ರಾಡೇಯದ್ದು ಬೇರೆ ಕಾಲಂನಲ್ಲಿ ಬರುತ್ತದೆ. ಅದನ್ನು ಡೌನ್‌ಲೋಡ್ ಮಾಡಿ ನಿಮ್ಮ ಡೈರಿಯ ಮೊತ್ತದ ಜೊತೆ ತಾಳೆ ನೋಡಿ, ಆಮೇಲೆ ಆಡಿಟರ್ ಹತ್ತಿರ ಹೋಗಿ.